ಅಂಗದ ಊನವೂ ಕಥೆಯ ನ್ಯಾಯವೂ

ಸುಶೀಲರಿಗೆ ಸುಖವೂ ದುಶ್ಶೀಲರಿಗೆ ದುಃಖವೂ ಪ್ರಾಪ್ತವಾಗುವಂತೆ ಕಥೆಯನ್ನು ಮುಗಿಸುವುದು ಮಕ್ಕಳಿಗಾಗಿ ಬರೆಯುವವರ ಪುರಾತನ ಸಂಪ್ರದಾಯ. ಎಳೆಯ ಮನಸ್ಸು ಧರ್ಮದಲ್ಲಿ ನೆಲೆಗೊಳ್ಳಲಿ ಎಂಬುದೇ ಅದರ ಉದ್ದೇಶ. ಆದರೆ ಕಥೆಯೊಳಗಿನ ಬಾಲಕನು ಕುಂಟನೋ ಕುರುಡನೋ ಕಿವುಡನೋ ಆಗಿದ್ದಲ್ಲಿ ಅವನಿಗೆ ಸಲ್ಲತಕ್ಕ ಸುಖವಾವುದು? ಅಂಗವು ನೆಟ್ಟಗಾಗುವುದೇ ಸುಖವೆಂದು ಕಥೆಗಾರನು ನಿರ್ಣಯಿಸಿದರೆ, ಎಂದಿಗೂ ಅಂಗವು ನೆಟ್ಟಗಾಗದ ಮಗುವು ಆ ಕಥೆಯಿಂದ ಏನನ್ನು ಕಲಿಯಬೇಕು? ಈ ಪ್ರಶ್ನೆಯು ಸಾಹಿತ್ಯಕ್ಕೆ ಮಾತ್ರವಲ್ಲದೆ ಧರ್ಮಕ್ಕೂ ಸಂಬಂಧಿಸಿದುದು.

ಪಾಶ್ಚಾತ್ಯ ದೇಶಗಳಲ್ಲಿ ಬಹುಜನಪ್ರಿಯವಾದ ಮೂರು ಗ್ರಂಥಗಳನ್ನು ಇಲ್ಲಿ ನೆನೆಯಬಹುದು. ಅಮೆರಿಕೆಯ ಸೂಸನ್ ಕೂಲಿಡ್ಜ್ ಎಂಬಾಕೆಯು 1872ರಲ್ಲಿ ಪ್ರಕಟಿಸಿದ ‘ವಾಟ್ ಕೇಟಿ ಡಿಡ್’ ಎಂಬ ಕಥೆಯಲ್ಲಿ, ಹಿರಿಯರ ಮಾತನ್ನು ಮೀರಿ ಉಯ್ಯಾಲೆಯೇರಿದ ಕೇಟಿಯು ಬಿದ್ದು ನಡೆಯಲಾರದವಳಾಗುತ್ತಾಳೆ. ವರ್ಷಗಟ್ಟಲೆ ಹಾಸಿಗೆ ಹಿಡಿದು ತಾಳ್ಮೆಯನ್ನು ಕಲಿತ ಮೇಲೆ ಎದ್ದು ನಡೆಯುತ್ತಾಳೆ. ಸ್ವಿಟ್ಜರ್ಲೆಂಡಿನ ಯೋಹಾನಾ ಸ್ಪೀರಿಯ ‘ಹೈಡಿ’ಯ ಎರಡನೆಯ ಭಾಗವು ಹೊರಬಂದುದು 1881ರಲ್ಲಿ. ಅದರಲ್ಲಿ ಗಾಲಿಕುರ್ಚಿಯನ್ನು ಆಶ್ರಯಿಸಿದ್ದ ಕ್ಲಾರಾ, ಆಲ್ಪ್ಸ್ ಪರ್ವತದ ಗಾಳಿ, ಮೇಕೆಯ ಹಾಲು, ಗೆಳತಿಯ ಸ್ನೇಹ ಇವುಗಳ ಬಲದಿಂದ ಕಾಲೂರಿ ನಿಲ್ಲುತ್ತಾಳೆ. ಫ್ರಾನ್ಸಿಸ್ ಹಾಜ್‌ಸನ್ ಬರ್ನೆಟ್ ಎಂಬಾಕೆಯು 1911ರಲ್ಲಿ ಹೊರತಂದ ‘ದಿ ಸೀಕ್ರೆಟ್ ಗಾರ್ಡನ್’ ಗ್ರಂಥದಲ್ಲಿ, ಗೂನನಾಗಿ ಸಾಯುವೆನೆಂಬ ಭೀತಿಯಿಂದ ಕೋಣೆಯಲ್ಲೇ ಮಲಗಿದ್ದ ಕಾಲಿನ್ ಎಂಬ ಬಾಲಕನು ತೋಟದ ಸಹವಾಸದಿಂದಲೂ ಮನೋಬಲದಿಂದಲೂ ಓಡತಕ್ಕವನಾಗುತ್ತಾನೆ.

ಈ ಗ್ರಂಥಗಳಲ್ಲಿ ಸದ್ಗುಣಗಳಿಲ್ಲವೆಂದು ಯಾರೂ ಹೇಳಲಾರರು. ಆದರೆ ಇವುಗಳೊಳಗೆ ಅಡಗಿರುವ ತರ್ಕವನ್ನು ಪರೀಕ್ಷಿಸಬೇಕು. ‘ಎಲ್ಲಿ ಸದ್ಗುಣವು ಬೆಳೆಯಿತೋ ಅಲ್ಲಿ ಊನವು ನೀಗಿತು’ ಎಂಬುದು ಅನ್ವಯ. ಇದನ್ನು ಒಪ್ಪಿದ ಮೇಲೆ ‘ಎಲ್ಲಿ ಊನವು ನೀಗಲಿಲ್ಲವೋ ಅಲ್ಲಿ ಸದ್ಗುಣವು ಬೆಳೆಯಲಿಲ್ಲ’ ಎಂಬ ವ್ಯತಿರೇಕವು ತಾನಾಗಿಯೇ ಬರುತ್ತದೆ. ಕಥೆಗಾರನು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಊರುಗೋಲು ಹಿಡಿದು ಕುಳಿತು ಓದುವ ಮಗುವು ತಾನೇ ಊಹಿಸಿಕೊಳ್ಳುತ್ತದೆ. ಇನ್ನು 1883ರಲ್ಲಿ ಪುಸ್ತಕರೂಪದಲ್ಲಿ ಬಂದ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ ಕಥೆಯಲ್ಲಿ ಒಂಟಿಕಾಲಿನ ಸಿಲ್ವರನೂ ಕುರುಡ ಪ್ಯೂ ಎಂಬುವನೂ ಕಡಲುಗಳ್ಳರು. ಅಲ್ಲಿ ಊನವು ಭಯದ ಗುರುತಾಗಿದೆ. ಒಂದೆಡೆ ಊನವು ನೀಗಬೇಕಾದ ಶಿಕ್ಷೆ, ಇನ್ನೊಂದೆಡೆ ದುಷ್ಟತನದ ಲಾಂಛನ. ಎರಡೆಡೆಯಲ್ಲಿಯೂ ಅದು ಬರಿಯ ದೇಹಸ್ಥಿತಿಯಾಗಿ ಉಳಿದಿಲ್ಲ.

ಇದು ಪಾಶ್ಚಾತ್ಯರಲ್ಲಿ ಮಾತ್ರವುಂಟೆಂದು ಎಣಿಸಬೇಕಾಗಿಲ್ಲ. ಮಹಾಭಾರತದ ವನಪರ್ವದ ಅಷ್ಟಾವಕ್ರನು ತಂದೆಯ ಶಾಪದಿಂದ ಡೊಂಕಾಗಿ ಹುಟ್ಟಿದವನು. ಆ ಕಥೆಯ ಕೊನೆಯಲ್ಲಿಯೂ ಅವನು ಸಮಂಗಾ ನದಿಯಲ್ಲಿ ಮುಳುಗಿ ಅಂಗಸಮತೆಯನ್ನು ಪಡೆಯುತ್ತಾನೆ. ಆದರೆ ಕಥೆಯ ಕ್ರಮವನ್ನು ಗಮನಿಸಬೇಕು. ಜನಕರಾಜನ ಸಭೆಯಲ್ಲಿ ಬಂದಿಯೆಂಬ ಪಂಡಿತನನ್ನು ಗೆದ್ದುದು, ಮುಳುಗಿಹೋಗಿದ್ದ ತಂದೆಯನ್ನು ಮರಳಿ ಪಡೆದುದು, ಇವೆಲ್ಲವೂ ನದಿಗಿಳಿಯುವ ಮುನ್ನವೇ ನಡೆದುವು. ಗೆದ್ದುದು ಡೊಂಕು ದೇಹದ ಬಾಲಕನೇ. ಹೆಸರು ಉಳಿದುದೂ ಆ ಡೊಂಕಿನದೇ.

‘ಹಾಗಾದರೆ ಮಕ್ಕಳ ಆಸೆಯನ್ನು ಕಿತ್ತುಕೊಳ್ಳಬೇಕೆ?’ ಎಂದು ಪೂರ್ವಪಕ್ಷಿಗಳು ಕೇಳಬಹುದು. ಹಾಗಲ್ಲ. ಚಿಕಿತ್ಸೆಯಿಂದ ಗುಣವಾಗುವುದಿದ್ದರೆ ಆಗಲಿ. ಅದು ವೈದ್ಯದ ಫಲ. ಅದನ್ನು ಶೀಲದ ಕೂಲಿಯೆಂದು ಕಾಣಿಸುವುದೇ ದೋಷ. ‘ಇಂಥ ಕಥೆಗಳು ಉಳಿದ ಮಕ್ಕಳಲ್ಲಿ ಕರುಣೆಯನ್ನು ಬೆಳೆಸುವುವಲ್ಲವೆ?’ ಎಂದರೆ, ಬೆಳೆಸುವುದು ನಿಜ. ಆದರೆ ಒಬ್ಬನು ಸದಾ ಕೊಡುವವನಾಗಿಯೂ ಇನ್ನೊಬ್ಬನು ಸದಾ ಪಡೆಯುವವನಾಗಿಯೂ ಇರುವಲ್ಲಿ ಕರುಣೆಯಿರಬಹುದಲ್ಲದೆ ಸಮತೆಯಿಲ್ಲ.

ಕೆನಡಾದ ಜೀನ್ ಲಿಟಲ್ ಎಂಬಾಕೆಯು ಹುಟ್ಟಿನಿಂದಲೇ ದೃಷ್ಟಿಮಾಂದ್ಯವುಳ್ಳವರು. ಅಂಗವಿಕಲ ಮಕ್ಕಳಿಗೆ ಉಪಾಧ್ಯಾಯಿನಿಯಾಗಿದ್ದವರು. 1962ರಲ್ಲಿ ಪ್ರಕಟವಾದ ಅವರ ‘ಮೈನ್ ಫಾರ್ ಕೀಪ್ಸ್’ ಕಥೆಯ ಸ್ಯಾಲಿ ಎಂಬ ಬಾಲಿಕೆಗೆ ಮಿದುಳಿನ ಊನದಿಂದ ಬಂದ ಅಂಗದೌರ್ಬಲ್ಯವುಂಟು. ಅದು ಕಥೆಯ ಕೊನೆಗೂ ನೀಗುವುದಿಲ್ಲ. ಆಕೆ ಸಾಮಾನ್ಯರ ಶಾಲೆಗೆ ಹೋಗುತ್ತಾಳೆ, ಅಂಜುತ್ತಾಳೆ, ನಾಯಿಯನ್ನು ಸಾಕುತ್ತಾಳೆ, ರೋಗದಿಂದ ಕುಗ್ಗಿದ ಬಾಲಕನೊಬ್ಬನಿಗೆ ತಾನೇ ಆಸರೆಯಾಗುತ್ತಾಳೆ. ಬಾಲ್ಯದಲ್ಲಿ ಶ್ರವಣಶಕ್ತಿಯನ್ನು ಕಳೆದುಕೊಂಡ ಅಮೆರಿಕೆಯ ಸೀಸಿ ಬೆಲ್ ಎಂಬಾಕೆಯು 2014ರಲ್ಲಿ ‘ಎಲ್ ಡೆಫೊ’ ಎಂಬ ಚಿತ್ರಕಥೆಯಲ್ಲಿ ತಮ್ಮ ಬಾಲ್ಯವನ್ನೇ ನಿರೂಪಿಸಿದ್ದಾರೆ. ಅಲ್ಲಿ ಶ್ರವಣಯಂತ್ರವು ನಾಚಿಕೆಗೂ ಕಾರಣ, ವಿನೋದಕ್ಕೂ ಕಾರಣ. ಈ ಬಗೆಯ ಕೃತಿಗಳಿಗೆಂದೇ ಅಮೆರಿಕೆಯ ಗ್ರಂಥಾಲಯ ಸಂಘವು 2004ರಿಂದ ಶ್ನೈಡರ್ ಕುಟುಂಬದ ಹೆಸರಿನ ಬಹುಮಾನವನ್ನು ಕೊಡುತ್ತಲಿದೆ.

ಹಳೆಯ ಕಥೆಗಳನ್ನು ತ್ಯಜಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಅವುಗಳನ್ನು ಓದಿಸುವ ತಂದೆತಾಯಿಗಳೂ ಉಪಾಧ್ಯಾಯರೂ ಕ್ಲಾರಾ ಎದ್ದು ನಿಂತ ಪುಟದಲ್ಲಿ ಕ್ಷಣಕಾಲ ತಡೆಯಬೇಕು; ಎದ್ದು ನಿಲ್ಲದಿದ್ದರೂ ಆಕೆ ಹೈಡಿಗೆ ಅಷ್ಟೇ ಪ್ರಿಯಳಾದ ಗೆಳತಿಯಾಗಿರುತ್ತಿದ್ದಳೆಂಬ ಮಾತನ್ನು ಸೇರಿಸಿ ಹೇಳಬೇಕು. ಕೇಳುವ ಮಕ್ಕಳ ಸಾಲಿನಲ್ಲಿ ಆ ಮಾತು ಅವಶ್ಯವಾಗಿ ಬೇಕಾದ ಒಂದು ಮಗುವು ಇದ್ದೀತು.