ಕತ್ತಿಗೆ ಅಂಟಿದ್ದು

ಆಂಧ್ರದ ಕಡೆಯ ಹಗರಿ ಸೀಮೆಯ ಕಣೇಕಲ್ಲಿನಂಥ ಊರಲ್ಲಿ ಭಾನುವಾರ ಕೋಳಿ ಅಂಗಡಿ ಮುಂದೆ ನಿಂತವರು ನೋಡುವುದು ಎರಡನ್ನು: ಕೋಳಿ ಚುರುಕಾಗಿದೆಯೇ, ತೂಕ ಸರಿಯಿದೆಯೇ. ಕಣ್ಣೆದುರೇ ಕೊಯ್ದರೆ ಸಮಾಧಾನ. ಹಳಸಿದ ಮಾಂಸ ಮನೆಗೆ ಬರಲಿಲ್ಲ ಎಂಬಷ್ಟರ ಮಟ್ಟಿಗೆ ಆ ಸಮಾಧಾನ ನಿಜವೇ. ಆದರೆ ಕರುಳಲ್ಲಿ ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣುಗಳನ್ನು ಇಟ್ಟುಕೊಂಡೂ ಕೋಳಿ ಗೆಲುವಾಗಿ ಓಡಾಡಬಲ್ಲದು. ಕರುಳು ತೆಗೆದ ಕೈಯಿಂದ ಅವು ಕತ್ತಿಗೆ, ಕತ್ತಿಯಿಂದ ಮರದ ಕೊರಡಿಗೆ ಬರುತ್ತವೆ. ಕೊರಡಿನ ಗೀರುಗಳಲ್ಲಿ ಕೂತು ಮುಂದಿನ ಗಿರಾಕಿಯ ಚೀಲಕ್ಕೂ ಹೋಗುತ್ತವೆ.

ಮಡಿ ಮೈಲಿಗೆಯ ಬಗ್ಗೆ ನಾವು ತಲೆ ಕೆಡಿಸಿಕೊಂಡಷ್ಟು ಬೇರೆ ಯಾವುದರ ಬಗ್ಗೆಯೂ ಕೆಡಿಸಿಕೊಂಡಿಲ್ಲವೇನೋ. ಕೇಳಿದ್ದು ಮಾತ್ರ ಒಂದೇ ಪ್ರಶ್ನೆ, ಮುಟ್ಟಿದವರು ಯಾರು? ಕೊಯ್ಯುವವರನ್ನು, ತೊಗಲು ಸುಲಿಯುವವರನ್ನು ದೂರ ಇಟ್ಟೆವು. ಅವರಿಗೆ ಕೈ ತೊಳೆಯಲು ನೀರಿದೆಯೇ ಎಂದು ವಿಚಾರಿಸಲಿಲ್ಲ. ಅತ್ತ ಅಮೆರಿಕದಲ್ಲಿ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಕೈಕೆಳಗೆ ಥಿಯೊಬಾಲ್ಡ್ ಸ್ಮಿತ್ ಹಂದಿಗಳಲ್ಲಿ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಗುರುತಿಸಿದ್ದು 1885ರಲ್ಲಿ. ಅದನ್ನು ತಡೆಯುವ ಸಾಧನಗಳು ಅಂದಿಗೂ ಇಂದಿಗೂ ತೀರಾ ಸಾಮಾನ್ಯವಾದವು: ನೀರು, ಸಾಬೂನು, ತಂಪು, ಕುದಿ. ಇವುಗಳಲ್ಲಿ ಯಾವುದಕ್ಕೂ ಕುಲದ ಹಂಗಿಲ್ಲ.

ಮೊಟ್ಟೆಯ ವಿಷಯದಲ್ಲಿ ಕಣ್ಣು ಇನ್ನೂ ಸುಲಭವಾಗಿ ಸೋಲುತ್ತದೆ. ಓಡಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ, ಅವನ್ನು ಮುಚ್ಚಿರುವುದು ಒಂದು ತೆಳು ಲೇಪ. ಹಿಕ್ಕೆ ಅಂಟಿದೆಯೆಂದು ಉಜ್ಜಿ ತೊಳೆದಿಟ್ಟರೆ ಆ ಲೇಪವೇ ಹೋಗಿ, ಕೊಳೆ ಒಳಗಿಳಿಯಲು ದಾರಿಯಾಗುತ್ತದೆ. ಕೆಲವೊಮ್ಮೆ ಕೋಳಿಯ ಅಂಡಾಶಯದಲ್ಲೇ ಸಾಲ್ಮೊನೆಲ್ಲ ನೆಲೆಸಿ, ಓಡು ಕಟ್ಟುವ ಮೊದಲೇ ಮೊಟ್ಟೆಯೊಳಗೆ ಸೇರಿರುತ್ತದೆ. ಹೊರಗೆ ಬೆಳ್ಳಗೆ ಹೊಳೆಯುವ ಮೊಟ್ಟೆಯಲ್ಲೂ!

ಡಿಸೆಂಬರ್ 2021ರಲ್ಲಿ ಗಡಿಯಾಚೆಯ ಬಳ್ಳಾರಿಯೂ ಸೇರಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದ ಜತೆ ಮೊಟ್ಟೆ ಶುರುವಾದಾಗ ಎದ್ದ ಗಲಾಟೆ ನೆನಪಿರಬಹುದು. ಕೊಡಬೇಕೇ ಬೇಡವೇ, ಯಾರ ಆಚಾರಕ್ಕೆ ಭಂಗ ಬಂತು ಎಂದು ವಾದ ನಡೆಯಿತು. ಈ ಬಿಸಿಲಲ್ಲಿ ಆ ಮೊಟ್ಟೆಗಳನ್ನು ಎಲ್ಲಿಟ್ಟಿರುತ್ತಾರೆ, ಎಷ್ಟು ದಿನದವು, ಹಳದಿ ಗಟ್ಟಿಯಾಗುವ ತನಕ ಬೇಯುತ್ತವೆಯೇ ಎಂಬ ಮಾತು ಅಷ್ಟು ಜೋರಾಗಿ ಕೇಳಿಸಲಿಲ್ಲ. ಉಣ್ಣುವ ಮಕ್ಕಳ ದೃಷ್ಟಿಯಿಂದ ನೋಡಿದರೆ ಕೇಳಬೇಕಾಗಿದ್ದುದು ಅದನ್ನೇ.

ನಮ್ಮನ್ನು ಇಷ್ಟು ದಿನ ಕಾಪಾಡಿರುವುದು ಒಲೆ. ಕೊತಕೊತ ಕುದ್ದ ಕೋಳಿಸಾರಿನಲ್ಲಿ ಈ ಜೀವಿಗಳು ಉಳಿಯುವುದಿಲ್ಲ. ಅಪಾಯ ಪಕ್ಕದ ತಟ್ಟೆಯಲ್ಲಿದೆ. ಹಸಿ ಮಾಂಸ ಹೆಚ್ಚಿದ ಈಳಿಗೆಯಲ್ಲೇ, ತೊಳೆಯದೆ, ನಂಚಿಕೊಳ್ಳಲು ಈರುಳ್ಳಿ ಹೆಚ್ಚುತ್ತೇವೆ, ನಿಂಬೆ ಹೋಳು ಮಾಡುತ್ತೇವೆ. ಅವು ಒಲೆ ಕಾಣುವುದೇ ಇಲ್ಲ. ಮಾಂಸವನ್ನು ನಲ್ಲಿಯಡಿ ಹಿಡಿದು ತೊಳೆದರೆ ಹನಿಗಳು ಸಿಡಿದು ಸುತ್ತಲಿನ ಪಾತ್ರೆಗೂ ಅಂಟುತ್ತವೆ.

ಮನೆಯಲ್ಲಿ ಇದನ್ನು ತಿದ್ದಿಕೊಳ್ಳಬಹುದು. ಅಂಗಡಿಯಲ್ಲಿ ಅದು ಒಬ್ಬನಿಂದಾಗದು. ಒಂದೇ ಬಕೆಟ್ ನೀರಲ್ಲಿ ದಿನವಿಡೀ ಕತ್ತಿ ಅದ್ದುವವನನ್ನು ಕೊಳಕನೆಂದು ಬೈಯುವುದು ಸುಲಭ. 2006ರ ಆಹಾರ ಸುರಕ್ಷತಾ ಕಾಯ್ದೆ ಅವನಿಂದ ಶುಚಿತ್ವ ಕೇಳುತ್ತದೆ, ಕೇಳಲೇಬೇಕು. ಹರಿಯುವ ನೀರು, ಮುಚ್ಚಿದ ಚರಂಡಿ ಮಾತ್ರ ಊರೇ ಒದಗಿಸಬೇಕಾದವು. ಬೇಸಿಗೆಯಲ್ಲಿ ಕುಡಿಯುವುದಕ್ಕೇ ನೀರು ಲೆಕ್ಕ ಹಾಕುವ ಸೀಮೆಯಲ್ಲಿ ಕೋಳಿ ಅಂಗಡಿಗೊಂದು ನಲ್ಲಿ ಬೇಕೆಂದು ಪಂಚಾಯತಿಯ ಮುಂದೆ ನಿಂತು ಕೇಳಬೇಕಾದವರು, ಭಾನುವಾರ ಅಲ್ಲಿ ಚೀಲ ಹಿಡಿದು ನಿಲ್ಲುವ ನಾವೇ.