ಹಳೆಯ ಗಡಿಯಾರ, ಹೊಸ ಮುಖ: ಪ್ರತಿರೂಪಕ ವ್ಯವಹಾರದ ಒಂದು ಪರಾಮರ್ಶೆ

ಬೀದರ್ ಜಿಲ್ಲೆಯ ಹಳೆಯ ಮನೆಗಳಲ್ಲಿ, ತಿಜೋರಿಯ ಮೂಲೆಯಲ್ಲೋ ಕಬ್ಬಿಣದ ಟ್ರಂಕಿನ ತಳದಲ್ಲೋ, ನಿಂತುಹೋದ ಕೈಗಡಿಯಾರವೊಂದು ದೊರೆಯುವುದು ಅಪರೂಪವಲ್ಲ. ಹೆಚ್ಚಿನವು ಬೆಂಗಳೂರಿನ ಎಚ್.ಎಂ.ಟಿ., ಕೆಲವು ಹೈದರಾಬಾದಿನ ಆಲ್ವಿನ್, ಇನ್ನು ಕೆಲವು ‘ರಿಕೋ’ ಎಂಬ ಜಪಾನೀ ಹೆಸರಿನವು. ಮದುವೆಯಲ್ಲಿ ಅಳಿಯನಿಗೆ ಕೈಗಡಿಯಾರ ಕೊಡುವುದು ಮರ್ಯಾದೆಯ ಮಾತಾಗಿದ್ದ ಕಾಲದ ವಸ್ತುಗಳಿವು. ಮೂವತ್ತು ವರ್ಷ ಯಾರೂ ತಿರುಗಿ ನೋಡದಿದ್ದ ಇವುಗಳನ್ನು ಈಗ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಬೆಲೆ ಬಂದ ಕಡೆ ಧರ್ಮಸಂಕಟವೂ ಬರುತ್ತದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಭಾಲ್ಕಿಯ ಶ್ರಾವಕ ಕುಟುಂಬವೊಂದರಲ್ಲಿ ಹಿರಿಯರು ಕಾಲವಾದರು. ಅವರ ರಿಕೋ ಗಡಿಯಾರವನ್ನು ಮಾರಿ, ಬಂದ ಹಣವನ್ನು ಔಷಧದಾನಕ್ಕೆ ಬಳಸಬೇಕೆಂದು ಮನೆಯವರು ಅದನ್ನು ಬಸದಿಯ ಟ್ರಸ್ಟಿಗೆ ಒಪ್ಪಿಸುತ್ತಾರೆ. ಅದಕ್ಕೂ ಮೊದಲು ಮೊಮ್ಮಗನು ಅದನ್ನು ಬೀದರಿನ ಹಳೆಯ ಪೇಟೆಯಲ್ಲಿ ರಿಪೇರಿಗೆ ಕೊಟ್ಟಿರುತ್ತಾನೆ. “ಡಯಲ್ ಕರಗಾಗ್ಯದ ಸಾವ್ಕಾರ್ರೇ, ಬಣ್ಣ ಹೊಡಸ್ತೀನಿ, ಹೊಸಾದಿದ್ದಂಗ ಕಾಣ್ತದ” ಎನ್ನುತ್ತಾನೆ ಮುದುಕ ರಿಪೇರಿಯವನು. “ಹೊಡಸ್ರಿ ಕಾಕಾ” ಎನ್ನುತ್ತಾನೆ ಹುಡುಗ. ಗಡಿಯಾರ ಥಳಥಳಿಸುತ್ತ ಹಿಂದಿರುಗುತ್ತದೆ. ಅದನ್ನು ಕೊಳ್ಳಬಂದವನು ಟ್ರಸ್ಟಿನವರನ್ನು ಕೇಳುವುದು ಒಂದೇ ಪ್ರಶ್ನೆ: “ಇದು ಅಸಲೀನಾ?”

ಏನೆಂದು ಉತ್ತರಿಸಬೇಕು?

ಈ ಪ್ರಶ್ನೆಗೆ ಮೊದಲು ವಸ್ತುವನ್ನು ಅರಿಯಬೇಕು. ರಿಕೋ ಮೂಲತಃ ಗಡಿಯಾರದ ಮನೆತನವಲ್ಲ. 1936ರಲ್ಲಿ ಬೆಳಕಿಗೆ ಸ್ಪಂದಿಸುವ ನಕಲು ಕಾಗದವನ್ನು ತಯಾರಿಸಲು ಜಪಾನಿನಲ್ಲಿ ಆರಂಭವಾದ ಉದ್ಯಮವದು. 1938ರಲ್ಲಿ ಅದು ರಿಕೆನ್ ಆಪ್ಟಿಕಲ್ ಎಂಬ ಹೆಸರು ತಳೆದು ಕ್ಯಾಮೆರಾ ತಯಾರಿಕೆಯಲ್ಲಿ ತೊಡಗಿತು. 1950ರ ರಿಕೋಫ್ಲೆಕ್ಸ್ ಕ್ಯಾಮೆರಾದಿಂದ ಮನೆಮಾತಾಯಿತು. ಅತ್ತ ನಗೋಯಾ ನಗರದಲ್ಲಿ ತಕಾನೋ ಎಂಬ ಗಡಿಯಾರ ಸಂಸ್ಥೆಯಿತ್ತು. 1959ರ ಸೆಪ್ಟೆಂಬರಿನಲ್ಲಿ ಇಸೆ ಕೊಲ್ಲಿಯ ಮೇಲೆರಗಿದ ಚಂಡಮಾರುತವು ಆ ಪ್ರದೇಶವನ್ನೆಲ್ಲ ಮುಳುಗಿಸಿದಾಗ ತಕಾನೋ ಚೇತರಿಸಿಕೊಳ್ಳಲಾಗದೆ ಹೋಯಿತು. 1962ರಲ್ಲಿ ಕ್ಯಾಮೆರಾದವರು ಅದನ್ನು ವಹಿಸಿಕೊಂಡರು. ಮರುವರ್ಷ ಇಡೀ ಸಂಸ್ಥೆಗೆ ರಿಕೋ ಎಂಬ ಹೆಸರಾಯಿತು. ಅದೇ 1962ರಲ್ಲಿ ಅವರು ತಂದ ‘ಆಟೋ ಹಾಫ್’ ಎಂಬ ಪುಟ್ಟ ಕ್ಯಾಮೆರಾಕ್ಕೂ ಗಡಿಯಾರದಂತೆಯೇ ಚಾವಿ ಕೊಡಬೇಕಿತ್ತು, ಒಳಗಿನ ಸ್ಪ್ರಿಂಗ್ ಫಿಲ್ಮನ್ನು ಮುಂದಕ್ಕೆಳೆಯುತ್ತಿತ್ತು. ಜರ್ಮನಿಯ ಲೈಕಾದಂತಹ ಹೆಸರಾಂತ ಕ್ಯಾಮೆರಾ ಸಂಸ್ಥೆಯು ತನ್ನ ಕಾರ್ಖಾನೆಯ ಗಡಿಯಾರಗಳನ್ನು ಪ್ರಕಟಿಸಿದ್ದು 2018ರಷ್ಟು ತಡವಾಗಿ. ಈ ಇತಿಹಾಸದಿಂದ ಒಂದು ಪ್ರಯೋಜನವುಂಟು. ‘ಇದು 1955ರ ರಿಕೋ’ ಎಂದು ಯಾರಾದರೂ ಹೇಳಿದರೆ, ಗಡಿಯಾರದ ಹಿಂಬದಿ ತೆರೆಯುವ ಮೊದಲೇ ಆ ಮಾತನ್ನು ಸಂಶಯಿಸಬಹುದು.

ರಿಕೋ ಗಡಿಯಾರಗಳು ಭಾರತದಲ್ಲಿ ಬಹಳ ಬಳಕೆಯಾದವು. ಅಷ್ಟೇ ಪ್ರಮಾಣದಲ್ಲಿ ರಿಪೇರಿಯನ್ನೂ ಕಂಡವು. ಒಂದರ ಮಷಿನ್, ಮತ್ತೊಂದರ ಮುಳ್ಳು, ಮೂರನೆಯದರ ಕೇಸು ಸೇರಿ ನಾಲ್ಕನೆಯ ಗಡಿಯಾರವೊಂದು ಹುಟ್ಟುತ್ತದೆ. ಅದರ ಮೇಲೆ ಮೂಲದಲ್ಲಿ ಎಂದೂ ಇರದ ಕಡುಕೆಂಪು, ಗಿಳಿಹಸಿರು ಬಣ್ಣದ ಡಯಲ್! ಬಲ್ಲವರು ಇದನ್ನು ಗುರುತಿಸುವ ಕ್ರಮ ಸರಳ. ಕಣ್ಣಿಗೆ ಭೂತಗನ್ನಡಿ ಹಿಡಿದು ಮೊದಲು ಅಕ್ಷರಗಳನ್ನು ನೋಡುತ್ತಾರೆ. ಕಾರ್ಖಾನೆಯ ಮುದ್ರಣದಲ್ಲಿ ಅಕ್ಷರದ ಅಂಚು ಚೂಪು, ಮೈ ಸಮ. ಮರುಬಣ್ಣದಲ್ಲಿ ಅಕ್ಷರ ದಪ್ಪಗಾಗಿ ಮಸಿ ಹರಡಿರುತ್ತದೆ; ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಕೂಡುವುದಿಲ್ಲ; ತಾರೀಖಿನ ಕಿಂಡಿಯ ಅಂಚಿನಲ್ಲಿ ಬಣ್ಣ ಗಂಟುಕಟ್ಟಿರುತ್ತದೆ. ಡಯಲಿನ ಕೆಳತುದಿಯ ಸಣ್ಣ ಅಕ್ಷರಗಳು ಮಾಯವಾಗಿರುವುದೂ ಉಂಟು. ಡಯಲಿನ ಮೇಲೆ ಬರೆದ ಹರಳುಗಳ ಸಂಖ್ಯೆಗೂ ಮಷಿನಿನ ಮೇಲೆ ಕೊರೆದ ಸಂಖ್ಯೆಗೂ ತಾಳೆಯಾಗದಿದ್ದರೆ ಒಂದಲ್ಲ ಒಂದು ಹೊರಗಿನಿಂದ ಬಂದುದೆಂದೇ ಅರ್ಥ. ಮುಳ್ಳು ನಿಮಿಷದ ಗೆರೆಯನ್ನು ಮುಟ್ಟದೆ ಗಿಡ್ಡಾಗಿದ್ದರೂ ಹಾಗೆಯೇ.

ಅಕ್ಷರದ ಆಕಾರದಿಂದ ಸತ್ಯಾಸತ್ಯವನ್ನು ನಿರ್ಣಯಿಸುವ ಈ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಗಂಗರ ಹೆಸರಿನ ಅನೇಕ ತಾಮ್ರಪಟಗಳನ್ನು ಫ್ಲೀಟ್ ಮೊದಲಾದ ವಿದ್ವಾಂಸರು ಕೂಟಶಾಸನಗಳೆಂದು ಸಂಶಯಿಸಲು ಲಿಪಿಯೂ ಒಂದು ಮುಖ್ಯ ಕಾರಣವಾಗಿತ್ತು. ಹಳೆಯ ಶಕವರ್ಷವನ್ನು ಹೇಳುವ ತಗಡಿನಲ್ಲಿ ಶತಮಾನಗಳ ನಂತರದ ಅಕ್ಷರವಿದ್ದರೆ ಆ ತಗಡು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದೆಂಬುದನ್ನು ಇಲ್ಲಿ ನೆನೆಯಬಹುದು. ಕಾರ್ಖಾನೆಯು ಬರೆಯದುದನ್ನು ಕಾರ್ಖಾನೆಯ ಹೆಸರಿನಲ್ಲಿ ಬರೆಯುವ ಡಯಲು ಅಂಗೈಯಗಲದ ಕೂಟಲೇಖವೇ ಅಲ್ಲವೇ?

ಆದರೆ ಇಲ್ಲಿ ಅವಸರ ಸಲ್ಲದು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದು, ಕೊನೆಯದು ಪ್ರತಿರೂಪಕ ವ್ಯವಹಾರ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಕೃತಕವಾದ ಚಿನ್ನವೇ ಮೊದಲಾದವುಗಳಿಂದ ವಂಚನೆಯನ್ನು ಮುಂದಿಟ್ಟುಕೊಂಡು ನಡೆಸುವ ವ್ಯವಹಾರವೆಂದು ಅರ್ಥೈಸುತ್ತಾರೆ. ಕೃತಕ ವಸ್ತುವನ್ನು ಮಾಡುವುದು ಒಂದು, ಅದನ್ನು ವಂಚನೆಗೆ ಬಳಸುವುದು ಮತ್ತೊಂದು. ದೋಷವು ವಂಚನೆಯಲ್ಲಿದೆ. ಹಾಗಿರುವಾಗ ಬೀದರಿನ ರಿಪೇರಿಯವನನ್ನು ಕಳ್ಳನೆಂದು ಜರೆಯುವುದು ಅನ್ಯಾಯ. ಅವನು ಗಿರಾಕಿಗೆ ಬಣ್ಣ ಹಚ್ಚುವೆನೆಂದೇ ಹೇಳಿದನು, ಹಚ್ಚಿದನು, ಕೂಲಿ ಪಡೆದನು. ಅವನ ಕೈಯಲ್ಲಿ ಸತ್ಯಕ್ಕೆ ಲೋಪ ಬಂದಿಲ್ಲ. ಸಂಗ್ರಾಹಕರು ಇಂತಹ ಕುಶಲಕರ್ಮಿಗಳನ್ನು ಹಗುರವಾಗಿ ನಿಂದಿಸುವುದುಂಟು. ಆ ನಿಂದೆಯಲ್ಲಿ ವಿವೇಕಕ್ಕಿಂತ ಶ್ರೀಮಂತಿಕೆಯ ದನಿಯೇ ಹೆಚ್ಚು.

ಜೀರ್ಣವಾದುದನ್ನು ಸರಿಪಡಿಸುವುದು ಜೈನ ಪರಂಪರೆಯಲ್ಲಿ ಪುಣ್ಯಕಾರ್ಯವೇ. ಬಸದಿಗಳಿಗೆ ಭೂಮಿ ಬಿಟ್ಟ ಎಷ್ಟೋ ಕನ್ನಡ ಶಾಸನಗಳು ಪೂಜೆ ಮತ್ತು ಆಹಾರದಾನಗಳೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೂ ದತ್ತಿಯನ್ನು ಹೇಳುತ್ತವೆ. ಒಡೆದುದು, ಬಿರಿದುದು ಇದೆ ಎಂದು ಕಲ್ಲಿನಲ್ಲಿ ಕಂಡರಿಸಲು ಆ ದಾನಿಗಳು ನಾಚಲಿಲ್ಲ. ಯಾರು, ಯಾವಾಗ ದುರಸ್ತಿ ಮಾಡಿಸಿದರೆಂದು ಬರೆಸುವುದು ಅವರಿಗೆ ಹೆಮ್ಮೆಯಾಗಿತ್ತು. ಗಡಿಯಾರದ ಮರುಬಣ್ಣಕ್ಕೂ ಬಸದಿಯ ಜೀರ್ಣೋದ್ಧಾರಕ್ಕೂ ಕೆಲಸದಲ್ಲಿ ಭೇದವಿಲ್ಲ. ಹೇಳುವುದರಲ್ಲಿ, ಮುಚ್ಚುವುದರಲ್ಲಿ ಭೇದವಿದೆ.

ಬೀದರಿನವರಿಗೆ ಇದನ್ನು ಬಿದರಿ ಕಲೆಯೇ ಕಲಿಸಬೇಕು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯ ಮಣ್ಣನ್ನು ನವಸಾಗರದೊಡನೆ ಕಲಸಿದ ಬಿಸಿನೀರಿನಲ್ಲಿ ಅದ್ದಿದರೆ ಲೋಹ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳಗುತ್ತದೆ. ಯಾವುದೋ ಲೋಹಕ್ಕೆ ಕಪ್ಪು ಬಣ್ಣ ಬಳಿದು ಬೆಳ್ಳಿಯ ಬಣ್ಣದಲ್ಲಿ ಹೂಬಳ್ಳಿ ಬರೆದು ‘ಬಿದರಿ’ಯೆಂದು ಮಾರಿದರೆ ಆ ಊರಿನ ಕುಶಲಕರ್ಮಿಯ ಕೂಲಿಗೇ ಕನ್ನ. ತಮ್ಮೂರಿನ ಕಲೆಯ ನಕಲಿಗೆ ಕೆರಳುವವರು ಜಪಾನಿನ ಗಡಿಯಾರದ ನಕಲಿಗೆ ಉದಾಸೀನರಾಗಿರುವುದು ನ್ಯಾಯವಲ್ಲ.

ಇನ್ನೊಂದು ತೊಡಕುಂಟು. ಈ ಗಡಿಯಾರ ದೇಶದೊಳಕ್ಕೆ ಬಂದ ಬಗೆ ಯಾವುದು? ವಿದೇಶೀ ಗಡಿಯಾರಗಳ ಕಳ್ಳಸಾಗಣೆ ಎಷ್ಟು ವ್ಯಾಪಕವಾಗಿತ್ತೆಂದರೆ, 1962ರ ಕಸ್ಟಮ್ಸ್ ಕಾಯಿದೆಯ 123ನೆಯ ಕಲಮು ಚಿನ್ನದ ಜೊತೆಗೆ ಗಡಿಯಾರಗಳನ್ನೂ ಹೆಸರಿಸಿ, ಜಪ್ತಿಯಾದ ಮಾಲು ಕಳ್ಳಮಾಲಲ್ಲವೆಂದು ರುಜುವಾತುಪಡಿಸುವ ಹೊಣೆಯನ್ನು ಇಟ್ಟುಕೊಂಡವನ ಮೇಲೆಯೇ ಹೊರಿಸಿತು. ಸುಂಕ ತಪ್ಪಿಸಿ ತಂದುದಾದರೆ ಅದು ವಿರುದ್ಧರಾಜ್ಯಾತಿಕ್ರಮ. ಭಾಲ್ಕಿಯ ಹಿರಿಯರು ಅದನ್ನು ಹೈದರಾಬಾದಿನ ಅಂಗಡಿಯಲ್ಲಿ ಸದ್ಭಾವದಿಂದ ಕೊಂಡಿರಬಹುದು. ಅರಿಯದೆ ಕೊಂಡವನಿಗೆ ಆ ದೋಷವನ್ನು ಅಂಟಿಸಲಾಗದು. ಆದರೆ ಮಾರುವವರು ಕಥೆ ಕಟ್ಟಬಾರದು. ‘ಜಪಾನಿನಿಂದಲೇ ತರಿಸಿದ್ದು’ ಎಂಬ ಸಣ್ಣ ಅಲಂಕಾರದಿಂದ ಬೆಲೆ ಏರುತ್ತದೆ, ವ್ರತ ಇಳಿಯುತ್ತದೆ.

ಟ್ರಸ್ಟಿನವರ ನಿಜವಾದ ಸಂಕಟ ಮಾತ್ರ ಬೇರೆಯೇ. ಬಣ್ಣ ಹೊಸದೆಂದು ಹೇಳಿದರೆ ಬೆಲೆ ಅರ್ಧಕ್ಕಿಳಿಯಬಹುದು. ಕಡಿಮೆಯಾಗುವುದು ಟ್ರಸ್ಟಿನವರ ಜೇಬಿನ ಹಣವಲ್ಲ, ರೋಗಿಗಳ ಔಷಧದ ಹಣ. ‘ನಾವಾಗಿ ಸುಳ್ಳು ಹೇಳುವುದಿಲ್ಲ, ಕೇಳದಿದ್ದರೆ ಹೇಳುವುದೂ ಬೇಡ’ ಎಂದು ಒಬ್ಬ ಸದಸ್ಯರು ಸೂಚಿಸಿದರೆ ಅವರನ್ನು ದುಷ್ಟರೆನ್ನಲಾದೀತೇ? ಅವರ ಕರುಣೆ ಸಾಚಾ. ಆದರೂ ಈ ವಾದ ನಿಲ್ಲುವುದಿಲ್ಲ. ದಾನದ ಹಣ್ಣು ದಾನಿಯ ತೋಟದ್ದಾಗಿರಬೇಕು. ಬಣ್ಣದ ವಿಷಯ ಮುಚ್ಚಿಟ್ಟು ಪಡೆದ ಹೆಚ್ಚಿನ ಹಣ ಭಾಲ್ಕಿಯ ಕುಟುಂಬ ಕೊಟ್ಟುದಲ್ಲ, ಕೊಳ್ಳುವವನಿಂದ ಅವನಿಗರಿಯದಂತೆ ಕಿತ್ತುದು. ಒಬ್ಬನ ಅರಿಯದ ಹಣದಿಂದ ಮತ್ತೊಬ್ಬನಿಗೆ ಔಷಧ ಕೊಡಿಸುವ ಅಧಿಕಾರವನ್ನು ಯಾವ ಟ್ರಸ್ಟಿನ ನಿಯಮವೂ ಕೊಟ್ಟಿಲ್ಲ. ಅಲ್ಲದೆ ಇಲ್ಲಿ ಕೊಳ್ಳುವವನು ಕೇಳಿಯೇ ಇದ್ದಾನೆ. ಕೇಳಿದ ಮೇಲಿನ ಮೌನವು ಮಾತೇ ಆಗುತ್ತದೆ.

ಕೊಳ್ಳುವವನೂ ಪರೀಕ್ಷೆಗೆ ಹೊರತಲ್ಲ. ಪರಿಗ್ರಹವೆಂದರೆ ವಸ್ತುಗಳ ರಾಶಿಯಲ್ಲ, ಅವುಗಳ ಮೇಲಿನ ಮೂರ್ಛೆ ಎಂಬುದು ಸಿದ್ಧಾಂತ. ಒಂದು ಗಡಿಯಾರ ಇಟ್ಟುಕೊಂಡು ಕಂಗೆಡುವವನೂ ಇದ್ದಾನೆ, ನೂರು ಇಟ್ಟುಕೊಂಡು ನಿರ್ಲಿಪ್ತನಾಗಿರುವೆನೆಂದು ಹೇಳಿಕೊಳ್ಳುವವನೂ ಇದ್ದಾನೆ. ಎರಡನೆಯವನ ಮಾತನ್ನು ನಂಬುವುದು ಕಷ್ಟ. ಪರಿಮಾಣವ್ರತ ಕೈಗೊಂಡ ಗೃಹಸ್ಥನು ಗಡಿಯಾರಗಳಿಗೂ ಒಂದು ಲೆಕ್ಕ ಹಾಕಿಕೊಂಡರೆ, ಆಯ್ಕೆಯೂ ಎಚ್ಚರದ್ದಾಗುತ್ತದೆ. ಮೋಸಹೋಗುವವರಲ್ಲಿ ಹೆಚ್ಚಿನವರು ಅಗ್ಗಕ್ಕೆ ಅಪೂರ್ವವಸ್ತು ಸಿಕ್ಕಿತೆಂಬ ಆತುರದಲ್ಲಿ ಭೂತಗನ್ನಡಿಯನ್ನು ಕೆಳಗಿಟ್ಟವರೇ.

ಮೇಲಿನ ಸಂದರ್ಭಕ್ಕೆ ಮರಳಿದರೆ, ಟ್ರಸ್ಟು ಮಾಡಬಹುದಾದುದು ಕಷ್ಟದ್ದೇನಲ್ಲ. ರಸೀದಿಯ ಮೇಲೆ ಹೀಗೆ ಬರೆಯಬಹುದು: ಮಷಿನು, ಕೇಸು ಮೊದಲಿನವು; ಡಯಲಿಗೆ ಬೀದರಿನಲ್ಲಿ ಮರುಬಣ್ಣ ಹಚ್ಚಿಸಲಾಗಿದೆ; ಖರೀದಿಯ ಕಾಗದ ಲಭ್ಯವಿಲ್ಲ. ಸಂಗ್ರಾಹಕನು ಅದನ್ನು ಓದಿ ಗಡಿಯಾರವನ್ನು ಮೇಜಿನ ಮೇಲಿಟ್ಟು ಹೊರಟುಹೋಗಲೂಬಹುದು. ಆಗ ಔರಾದಿನ ಒಬ್ಬ ಶಿಕ್ಷಕನೋ ಕಿರಾಣಿ ಅಂಗಡಿಯವನೋ ಬಂದು, ಅಸಲು ನಕಲುಗಳ ಗೊಡವೆಯಿಲ್ಲದೆ ಕಿವಿಗೆ ಹಿಡಿದು ಟಿಕ್‌ಟಿಕ್ ಸದ್ದು ಕೇಳಿ, ದಿನವೂ ಕಟ್ಟಿಕೊಳ್ಳಲು ತಕ್ಕ ಬೆಲೆಗೆ ಒಯ್ಯುವನು. ಔಷಧದ ಪಟ್ಟಿಯಲ್ಲಿ ಒಂದೆರಡು ಹೆಸರು ಮುಂದಿನ ತಿಂಗಳಿಗೆ ಹೋಗುತ್ತವೆ; ಆ ಕೊರತೆಯನ್ನು ಟ್ರಸ್ಟಿನವರು ಸಮಾಜದ ಮುಂದೆ ಬಾಯಿಬಿಟ್ಟು ಕೇಳಿ ತುಂಬಿಸಿಕೊಳ್ಳಬೇಕಾಗುತ್ತದೆ.