ಅಂಕಪಟ್ಟಿಯೂ ಆಯುಷ್ಯವೂ

ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳ ಫಲಿತಾಂಶ ಹೊರಬೀಳುವ ದಿನಗಳಲ್ಲಿ ನಮ್ಮ ಗೋರೆಗಾಂವಿನ ಕಟ್ಟಡ ಕಟ್ಟಡಗಳಲ್ಲಿಯೂ ಒಂದೇ ಪ್ರಶ್ನೆ ಮೆಟ್ಟಿಲು ಹತ್ತಿ ಇಳಿಯುತ್ತದೆ: 'ನಿಮ್ಮವನಿಗೆ ಎಷ್ಟು ಬಂತು?' ಕೇಳುವವರಲ್ಲಿ ದುರುದ್ದೇಶವಿರಲಾರದು. ಆದರೆ ಬಾಗಿಲ ಹಿಂದೆ ನಿಂತ ಹದಿನಾರರ ಬಾಲಕನಿಗೆ ಅದು ಅಂಕದ ಪ್ರಶ್ನೆಯಾಗಿ ಕೇಳಿಸುವುದಿಲ್ಲ. ತನ್ನ ಬೆಲೆಯ ಪ್ರಶ್ನೆಯಾಗಿಯೇ ಕೇಳಿಸುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವರದಿಯಂತೆ 2022ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಾವಾಗಿ ಪ್ರಾಣ ಕಳೆದುಕೊಂಡರು. ದಿನಕ್ಕೆ ಸರಾಸರಿ ಮೂವತ್ತೈದಕ್ಕೂ ಹೆಚ್ಚು. ರಾಜ್ಯಗಳ ಪೈಕಿ ನಮ್ಮ ಮಹಾರಾಷ್ಟ್ರದ್ದೇ ಮೊದಲ ಸ್ಥಾನ. ಇಂಥ ಸಾವಿಗೆ ಒಂದೇ ಕಾರಣವೆಂಬುದು ವಿರಳ. ಮನೋವ್ಯಾಧಿ, ಅವಮಾನ, ಮನೆಯ ಕಲಹ, ಒಂಟಿತನ ಇವೆಲ್ಲ ಕೂಡಿ ಭಾರವಾದ ಮೇಲೆ ಪರೀಕ್ಷೆಯು ಕಡೆಯ ಕಲ್ಲಾಗಿ ಬಂದು ಕೂರುತ್ತದೆ.

ಇಲ್ಲಿ ಆಸ್ತಿಕರಾದ ನಮ್ಮ ಧರ್ಮವೇನು? 'ಆತ್ಮಹತ್ಯೆ ಮಹಾಪಾಪ' ಎಂದು ಹೇಳಿ ನಾವು ಮಾತು ಮುಗಿಸುವುದುಂಟು. ಶಾಸ್ತ್ರವು ಅದನ್ನು ನಿಷೇಧಿಸಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಔಷಧಕ್ಕೆ ಇರುವಂತೆ ನಿಷೇಧವಾಕ್ಯಕ್ಕೂ ಕಾಲ, ಪಾತ್ರ, ಪ್ರಮಾಣಗಳಿವೆ. ನೊಂದ ಮಗುವಿಗೆ ಪಾಪದ ಭಯ ತೋರಿದರೆ ಅದು ನೋವನ್ನು ಬಿಡುವುದಿಲ್ಲ, ನೋವನ್ನು ಹೇಳುವುದನ್ನು ಮಾತ್ರ ಬಿಡುತ್ತದೆ. ಮಗುವನ್ನು ಕಳೆದುಕೊಂಡ ತಾಯಿತಂದೆಯರ ಮುಂದೆ ಈಶಾವಾಸ್ಯದ ಮಂತ್ರವನ್ನು ಉದಾಹರಿಸಿ ಅಂಧಲೋಕದ ಮಾತಾಡುವವರೂ ಇದ್ದಾರೆ. ಆ ಮಂತ್ರದಲ್ಲಿ ಹೇಳಿದ ಆತ್ಮಘಾತವನ್ನು ಭಾಷ್ಯಕಾರರು ಅಜ್ಞಾನ, ವಿಪರೀತಜ್ಞಾನಗಳ ಪರವಾಗಿ ಅರ್ಥೈಸಿದ್ದಾರೆಯೇ ಹೊರತು ದೇಹತ್ಯಾಗ ಮಾಡಿದ ಬಾಲಕನನ್ನು ಕುರಿತಲ್ಲ. ದುಃಖಿತರ ಮೇಲೆ ಶ್ರುತಿಯನ್ನು ಕಲ್ಲಿನಂತೆ ಎಸೆಯುವುದು ಶ್ರುತಿಗೂ ಅಪಚಾರವೇ.

ಹಾಗಾದರೆ ಮಾರ್ಗ ಯಾವುದು? ಸುಂದರಕಾಂಡವನ್ನು ಪಾರಾಯಣ ಮಾಡುವ ನಾವು ಅದರ ಎರಡು ಸನ್ನಿವೇಶಗಳನ್ನು ಈ ದೃಷ್ಟಿಯಿಂದ ಮನನ ಮಾಡಬೇಕು. ಲಂಕೆಯನ್ನೆಲ್ಲ ಹುಡುಕಿಯೂ ಸೀತೆಯನ್ನು ಕಾಣದ ಹನುಮಂತನು ಬರಿಗೈಯಲ್ಲಿ ಹಿಂದಿರುಗುವುದಕ್ಕಿಂತ ಪ್ರಾಣತ್ಯಾಗವೇ ಲೇಸೇ ಎಂದು ಆಲೋಚಿಸುತ್ತಾನೆ. ಪ್ರಾಣದೇವರಿಗೆ ವಿಷಾದವೆಲ್ಲಿಯದು? ಅದು ಲೋಕಶಿಕ್ಷಣಕ್ಕಾಗಿ ತೋರಿದ ನಡೆ. ಅವನು ಕೊನೆಗೆ ತಲುಪುವ ನಿಶ್ಚಯವೆಂದರೆ, ಅಳಿವಿನಲ್ಲಿ ದೋಷಗಳು ಹಲವು, ಬದುಕಿದವನಿಗೆ ಮಾತ್ರ ಶುಭವನ್ನು ಕಾಣುವ ಅವಕಾಶ. ಆಮೇಲೆಯೇ ಅವನಿಗೆ ತಾನಿನ್ನೂ ಶೋಧಿಸದ ಅಶೋಕವನವು ಕಣ್ಣಿಗೆ ಬೀಳುತ್ತದೆ. ಸೀತೆ ಇದ್ದದ್ದು ಅಲ್ಲಿಯೇ! ನಿರಾಶೆಯ ಹೊತ್ತಿನಲ್ಲಿ ಎಲ್ಲವನ್ನೂ ಹುಡುಕಿ ಆಯಿತೆಂದು ತೋರುವುದು ಬುದ್ಧಿಯ ಭ್ರಮೆ. ಶೋಧಿಸದ ಒಂದು ವನ ಯಾವಾಗಲೂ ಉಳಿದಿರುತ್ತದೆ.

ಎರಡನೆಯದು ನಮ್ಮಂಥ ಹಿರಿಯರಿಗೆ ಪಾಠ. ಸೀತಾದೇವಿಯು ಬದುಕಿನಲ್ಲಿ ಆಸೆ ತೊರೆದು ನಿಂತಾಗ ಹನುಮಂತನು ಮರದ ಮೇಲೆ ಕುಳಿತು ಮೊದಲು ಯೋಚಿಸುವುದು ಯಾವ ಭಾಷೆಯಲ್ಲಿ ಮಾತಾಡಲಿ ಎಂದು. ಪಂಡಿತರ ಸಂಸ್ಕೃತದಲ್ಲಿ ನುಡಿದರೆ ರಾವಣನೆಂದು ಅವಳು ಹೆದರಿಯಾಳು. ಆದುದರಿಂದ ಸಾಮಾನ್ಯ ಮನುಷ್ಯರ ಮಾತನ್ನು ಆರಿಸಿಕೊಂಡು, ಅವಳಿಗೆ ಪ್ರಿಯವಾದ ರಾಮಕಥೆಯನ್ನು ಮೆಲ್ಲನೆ ಹೇಳುತ್ತಾನೆ. ಉಪದೇಶವಿಲ್ಲ, ಆಕ್ಷೇಪವಿಲ್ಲ. ನಂಬಿಕೆಗಾಗಿ ಉಂಗುರವನ್ನು ಕೊಡುತ್ತಾನೆ. ಅವಳ ಅಳಲನ್ನು ಪೂರ್ತಿಯಾಗಿ ಕೇಳುತ್ತಾನೆ. ಕಳುಹಬೇಕಾದ ಸಂದೇಶವನ್ನು ಪಡೆಯುತ್ತಾನೆ. ನವವ್ಯಾಕರಣಪಂಡಿತನೇ ತನ್ನ ಪಾಂಡಿತ್ಯವನ್ನು ಬದಿಗಿಟ್ಟು ಕೆಳದನಿಯಲ್ಲಿ ಮಾತಾಡಿದನೆಂದ ಮೇಲೆ, ಮಗನೊಡನೆ ಮಾತಾಡುವಾಗ ನಮಗೇಕೆ ಇಷ್ಟು ಗಟ್ಟಿ ಧ್ವನಿ?

ಇನ್ನೊಂದು ಮಾತು. ಜೀವ ಜೀವರಿಗೆ ಭೇದವುಂಟು, ಒಂದು ಜೀವದಂತೆ ಇನ್ನೊಂದಿಲ್ಲ ಎಂಬುದು ನಮ್ಮ ಸಿದ್ಧಾಂತ. ಸಭೆಯಲ್ಲಿ ಅದನ್ನು ಒಪ್ಪಿ ತಲೆದೂಗಿದವರು ಮನೆಗೆ ಬಂದು 'ಮೂರನೆಯ ಮಹಡಿಯವರ ಮಗನನ್ನು ನೋಡು' ಎಂದರೆ ಸಿದ್ಧಾಂತವೆಲ್ಲಿ ಉಳಿಯಿತು? ತಾರತಮ್ಯವೆಂಬುದು ಜೀವಸ್ವರೂಪಕ್ಕೆ ಸಂಬಂಧಿಸಿದ್ದು. ಅದನ್ನು ಅಳೆಯುವ ಅಧಿಕಾರ ಪರೀಕ್ಷಾ ಮಂಡಳಿಗಿಲ್ಲ.

ಕಳೆದ ಶತಮಾನದಲ್ಲಿ ದಕ್ಷಿಣ ಕನ್ನಡದಿಂದ ಈ ನಗರಕ್ಕೆ ಬಂದ ಎಷ್ಟೋ ಬಾಲಕರು ಹಗಲು ಹೋಟೆಲುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. ಅವರ ಕಷ್ಟವನ್ನು ಹೊಗಳಬೇಕಾಗಿಲ್ಲ. ಬಾಲ್ಯದ ದುಡಿಮೆ ಯಾರಿಗೂ ಬೇಡ. ಆದರೆ ಮಾರ್ಚಿಯಲ್ಲಿ ಅನುತ್ತೀರ್ಣನಾದವನು ಅಕ್ಟೋಬರಿನಲ್ಲಿ ಮತ್ತೆ ಕೂರುವುದು ಅಲ್ಲಿ ಲಜ್ಜೆಯ ಸಂಗತಿಯಾಗಿರಲಿಲ್ಲ. ಪಕ್ಕದ ಚಾಪೆಯಲ್ಲಿ ಮಲಗುವವನೂ ಎರಡನೆಯ ಸಲದವನೇ ಆಗಿರಬಹುದಿತ್ತು. ಇಂದಿನ ಮಗುವಿಗೆ ಪ್ರತ್ಯೇಕ ಕೋಣೆಯಿದೆ, ಕೋಚಿಂಗ್ ಕ್ಲಾಸಿದೆ, ಪಕ್ಕದ ಚಾಪೆಯಿಲ್ಲ.

ವ್ಯವಸ್ಥೆಯೂ ತಕ್ಕಮಟ್ಟಿಗೆ ಬದಲಾಗಿದೆ. 2015ರಿಂದ ಮಹಾರಾಷ್ಟ್ರ ಮಂಡಳಿಯು ಹತ್ತನೆಯ ತರಗತಿಯ ಮರುಪರೀಕ್ಷೆಯನ್ನು ಜುಲೈಯಲ್ಲಿಯೇ ನಡೆಸತೊಡಗಿತು. ಕರ್ನಾಟಕದಲ್ಲಿ 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಬಂದಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಪ್ರಾಣತ್ಯಾಗಕ್ಕೆ ಯತ್ನಿಸಿದವನನ್ನು ತೀವ್ರ ಒತ್ತಡಕ್ಕೆ ಸಿಕ್ಕವನೆಂದು ಭಾವಿಸಿ, ಅವನ ಆರೈಕೆಯನ್ನು ಸರಕಾರದ ಹೊಣೆಯಾಗಿಸಿತು. 2025ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಆಪ್ತಸಲಹೆಗಾರರು ಇರಬೇಕೆಂದು ನಿರ್ದೇಶಿಸಿತು. ದಂಡಿಸುವುದನ್ನು ಬಿಟ್ಟು ಆದರಿಸುವುದನ್ನು ಕಾನೂನೇ ಕಲಿಯುತ್ತಿರುವಾಗ ಮನೆಯು ಹಿಂದುಳಿಯಬಾರದು.

ಮಗುವು ಊಟ, ನಿದ್ರೆ, ಗೆಳೆಯರನ್ನು ಬಿಟ್ಟು ಮೌನವಾದರೆ, ತನ್ನಿಂದ ಎಲ್ಲರಿಗೂ ಭಾರವೆಂದರೆ, ಪ್ರಿಯವಾದ ವಸ್ತುಗಳನ್ನು ಹಂಚತೊಡಗಿದರೆ, ಹತ್ತಿರ ಕುಳಿತು ನೇರವಾಗಿಯೇ ಕೇಳಬೇಕು: 'ಬದುಕು ಬೇಡವೆನ್ನಿಸುತ್ತಿದೆಯೇ?' ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗಿದ್ದರೆ ಹೊರಬರಲು ದಾರಿಯಾಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರಕಾರದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತಾಡಬಹುದು. ಜ್ವರಕ್ಕೆ ವೈದ್ಯರನ್ನು ಕಾಣುವುದು ದೇವರಲ್ಲಿ ಅವಿಶ್ವಾಸವಲ್ಲವಷ್ಟೆ? ಇದೂ ಹಾಗೆಯೇ.

ಬರುವ ಫಲಿತಾಂಶದ ದಿನ ನೆರೆಮನೆಯ ಬಾಲಕನು ಮೆಟ್ಟಿಲಲ್ಲಿ ಎದುರಾದರೆ ಅಂಕವನ್ನು ಕೇಳದೆ 'ಊಟವಾಯಿತೇ?' ಎಂದು ಕೇಳೋಣ. ಅಷ್ಟು ಮಾಡುವುದಕ್ಕೆ ಯಾವ ಪಾಂಡಿತ್ಯವೂ ಬೇಡ.